ತೆಂಗಿನೆಣ್ಣೆ ಕಲ್ಲಾಗುವ ಊರಿನಲ್ಲಿ

೧೯೩೬ನೆಯ ಇಸವಿ ಡಿಸೆಂಬರ್ ೧೨, ಶನಿವಾರ, ಬೆಳಗ್ಗೆ ಆರೂವರೆ. ಮಗಳಿಗೆ ಎಣ್ಣೆ ಹಚ್ಚಲೆಂದು ಶೀಸೆಯನ್ನು ಬಗ್ಗಿಸಿದರೆ ಒಂದು ತೊಟ್ಟೂ ಬೀಳಲಿಲ್ಲ. ಉಡುಪಿಯ ತವರಿನಿಂದ ತಂದ ತೆಂಗಿನೆಣ್ಣೆ ಬೆಳಗಾಗುವುದರೊಳಗೆ ಬಿಳಿಯ ಕಲ್ಲಾಗಿತ್ತು. ಕಡಲ ಬದಿಯಲ್ಲಿ ಬೆಳೆದ ನಾನು ಇಂಥದ್ದನ್ನು ಕಂಡವಳೇ ಅಲ್ಲ. ಶೀಸೆಯನ್ನು ಒಲೆಯ ಪಕ್ಕದಲ್ಲಿಟ್ಟು, ಅದು ಕರಗುವುದನ್ನೇ ನೋಡುತ್ತ ಕುಳಿತೆ.

ನನ್ನ ಗಂಡ ಮಳವಳ್ಳಿಯ ಶಾಲೆಯಲ್ಲಿ ಮೇಷ್ಟರು. ನಾವು ಮದ್ದೂರಿನಲ್ಲಿ ರೈಲಿಳಿದು ಇಲ್ಲಿಗೆ ಬಂದಾಗ ಮಳೆಗಾಲ ಆಗಷ್ಟೇ ಮುಗಿದಿತ್ತು. ನಮ್ಮೂರ ಗಾಳಿ ಮೈಗೆ ಅಂಟಿಕೊಳ್ಳುತ್ತದೆ. ಇಲ್ಲಿಯದು ಮೈಯಲ್ಲಿದ್ದ ಪಸೆಯನ್ನೂ ಹೀರಿಕೊಂಡು ಹೋಗುತ್ತದೆ. ನಾಲ್ಕು ವರ್ಷದ ಶಾರದೆಯ ಕಾಲು ಮೊದಲು ಬೂದಿ ಬಳಿದಂತಾಯಿತು. ಆಮೇಲೆ ಕೈಯಲ್ಲಿ ಗೆರೆಗಳೆದ್ದು ಬಿರಿದವು. ಪಕ್ಕದ ಮನೆಯ ನಿಂಗಿ ಆಟದಲ್ಲಿ ಇವಳ ಕೈ ಬಿಟ್ಟುಬಿಟ್ಟಳು.

"ಇವ್ಳ ಕೈ ಚುಚ್ತದೆ. ನಾ ಇಡ್ಕಳಾಕಿಲ್ಲ."

ಅಂದಿನಿಂದ ಶಾರದೆ ಕೈಗಳನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಜಗಲಿಯಲ್ಲೇ ಕೂರತೊಡಗಿದಳು. ನನ್ನ ಗಂಡನಿಗೆ ಅದನ್ನು ನೋಡಲಾಗಲಿಲ್ಲ. "ಸಂಕ್ರಾಂತಿಯೊಳಗೆ ಕಡಿಮೆಯಾಗದಿದ್ದರೆ ನಿನ್ನ ಅಮ್ಮನಲ್ಲಿ ಬಿಟ್ಟು ಬರುವ. ಚಳಿ ಕಳೆಯುವವರೆಗೆ ಅಲ್ಲಿರಲಿ" ಎಂದರು. ಮಗಳಿಲ್ಲದೆ ಈ ಊರಿನಲ್ಲಿ ನಾನು ಮಾತಾಡುವುದಾದರೂ ಯಾರೊಡನೆ?

ನನಗೆ ತಿಳಿದ ಮದ್ದು ತವರಿನದೇ. ಬೆಳಗ್ಗೆ ಎಣ್ಣೆ ತಿಕ್ಕಿ, ಹೆಸರುಹಿಟ್ಟು ಹಾಕಿ ಉಜ್ಜಿ, ಸುಡುನೀರಿನಲ್ಲಿ ಮೀಯಿಸುವುದು, ಸಂಜೆ ಮತ್ತೊಮ್ಮೆ. ಮೈ ಬಿರಿದಷ್ಟೂ ಹೆಚ್ಚು ಉಜ್ಜಿದೆ. "ಅಮ್ಮಾ, ಮೀಯುವುದು ಬೇಡ, ಉರಿ ಆಗ್ತದೆ" ಎಂದು ಅವಳು ಅತ್ತರೂ ಬಿಡಲಿಲ್ಲ.

ಅಳು ಕೇಳಿ ನಿಂಗಿಯ ತಾಯಿ ಪುಟ್ಟತಾಯಮ್ಮ ಹಿತ್ತಿಲ ಬಾಗಿಲಿಗೆ ಬಂದರು.

"ಅಲ್ಲ ಕಣಮ್ಮ ಮೇಷ್ಟ್ರಮ್ಮ, ಅದೇನು ಮಗಾನೋ, ತಳ ಇಡ್ದ ಪಾತ್ರೆನೋ? ಇಂಗೆ ಬೆಳಗ್ತಾ ಇದ್ದೀರಲ್ಲ!"

"ಕಜ್ಜಿಯೋ ಏನೋ ಎಂದು ಹೆದರಿಕೆ."

"ಕಜ್ಜಿ ಅಲ್ಲ, ಏನೂ ಅಲ್ಲ. ಮೈ ಒಡ್ದದೆ ಅಷ್ಟೇಯ. ಅರಳೆಣ್ಣೆ ಬಳ್ದು ಬುಡಿ."

ಚಳಿಗೆ ಚರ್ಮ ಒಣಗಿ ಬಿರಿಯುವುದನ್ನು ಇಲ್ಲಿ 'ಮೈ ಒಡೆಯುವುದು' ಎನ್ನುತ್ತಾರೆ. ಹೆಸರು ಸಿಕ್ಕಿದ ಮೇಲೆ ಅರ್ಧ ಭಯ ಹೋಯಿತು. ಆದರೆ ಹರಳೆಣ್ಣೆ ಬಳಿದುಕೊಂಡು ಅಂಗಳಕ್ಕಿಳಿದ ಶಾರದೆ ಧೂಳು ಮೆತ್ತಿಕೊಂಡು ಮಣ್ಣಿನ ಬೊಂಬೆಯಾಗಿ ಬಂದಳು. ಅದನ್ನು ತೆಗೆಯಲು ಮತ್ತೆ ಹಿಟ್ಟು, ಮತ್ತೆ ಸುಡುನೀರು. ಪುಟ್ಟತಾಯಮ್ಮನೇ ನಕ್ಕುಬಿಟ್ಟರು. "ಬುಡಿ, ಇದ್ಯಾಕೋ ನಿಮ್ ಮಗೀಗೆ ಒಗ್ಗಾಕಿಲ್ಲ."

ಆ ದಿನ ತಲೆ ಬಾಚುವಾಗ ಕಂಡದ್ದನ್ನು ದಿನಚರಿಯಲ್ಲಿ ಗೆರೆಯೆಳೆದು ಬರೆದಿದ್ದೇನೆ: ಜಡೆಯ ಕೆಳಗೆ, ಕತ್ತಿನ ಹಿಂದೆ, ನನ್ನ ಕೈ ಉಜ್ಜದೆ ಬಿಟ್ಟ ಜಾಗದಲ್ಲಿ ಚರ್ಮ ಊರಿನಲ್ಲಿದ್ದಷ್ಟೇ ಮೆತ್ತಗಿತ್ತು. ಊರಿನಲ್ಲಿ ಬೆವರು ತೊಳೆಯಲು ಉಜ್ಜುತ್ತಿದ್ದೆವು. ಇಲ್ಲಿ ಬೆವರೆಲ್ಲಿದೆ? ಹಚ್ಚಿದ ಎಣ್ಣೆಯನ್ನು ನಾನೇ ತೊಳೆದು ಚೆಲ್ಲುತ್ತಿದ್ದೆ, ಅದರ ಜೊತೆಗೆ ಅವಳ ಮೈಯ ಜಿಡ್ಡನ್ನೂ.

ಮರುದಿನದಿಂದ ಸಂಜೆಯ ಸ್ನಾನ ನಿಂತಿತು. ಕೆಲವು ದಿನ ನೋಡಿ, ಸುಡುನೀರು ಬಿಟ್ಟು ಉಗುರುಬೆಚ್ಚಗಿನದಕ್ಕೆ ಬಂದೆ. ಹಿಟ್ಟು ಅಂಗಾಲಿಗೆ ಮಾತ್ರ. ಕೊನೆಗೆ ಎಣ್ಣೆಯ ಸರದಿ. ಮೀಯಿಸಿದ ಮೇಲೆ, ಮೈಯ ತೇವ ಪೂರ್ತಿ ಆರುವ ಮೊದಲೇ, ಗಾಣದ ಎಳ್ಳೆಣ್ಣೆಯನ್ನು ತೆಳ್ಳಗೆ ಸವರಿದೆ. ಅದು ಚಳಿಗೆ ಕಲ್ಲಾಗುವುದಿಲ್ಲ. ಮೊದಲು ಕೆರೆತ ನಿಂತಿತು, ಆಮೇಲೆ ಬೂದಿಬಣ್ಣ ಹೋಯಿತು.

ಸಂಕ್ರಾಂತಿಯ ಸಂಜೆ ಇಲ್ಲಿನ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಎಳ್ಳುಬೆಲ್ಲ ಕೊಡುತ್ತಾರೆ. ಅದಕ್ಕೆ ಎಳ್ಳು ಬೀರುವುದು ಎಂದು ಹೆಸರು. ನಮ್ಮೂರಿನಲ್ಲಿ ಈ ಪದ್ಧತಿಯಿಲ್ಲ. ನಿಂಗಿ ಹೊಸ ಲಂಗ ಉಟ್ಟು ಜಗಲಿಯ ಮುಂದೆ ನಿಂತಳು. ಶಾರದೆ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು.

"ಎಲ್ಲಿ, ತೋರ್ಸು." ನಿಂಗಿ ಒಂದು ಕೈಯನ್ನು ಎಳೆದುಕೊಂಡು ಬೆರಳಿನಿಂದ ಸವರಿ ನೋಡಿದಳು. "ಬಾ ಮತ್ತೆ, ಒತ್ತಾಯ್ತದೆ."

ಕತ್ತಲಾಗುವ ಮೊದಲು ಮಗಳು ಓಡಿಬಂದಳು. "ನಿಂಗಿ ನನ್ ಕೈಯ ಬುಡ್ನೇ ಇಲ್ಲ ಕಣಮ್ಮ!"

ನನ್ನ ಗಂಡ ತವರಿನ ಮಾತನ್ನು ಮತ್ತೆ ಎತ್ತಲಿಲ್ಲ. ನಾನು ಮಗಳನ್ನು ತಬ್ಬಿಕೊಂಡೆ. ಅವಳ ಮೈಯಿಂದ ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು, ಜಡೆಯಿಂದ ಮಾತ್ರ ಅಮ್ಮನ ಮನೆಯ ತೆಂಗಿನೆಣ್ಣೆಯದು.

ಬೇಸಿಗೆಗೆ ತವರೂರಿಗೆ ಹೋಗುತ್ತೇವೆ. ಈ ಊರಿಗೆ ಒಗ್ಗಿದ ಮೈಯನ್ನು ಅಲ್ಲಿ ಎರಡು ಹೊತ್ತು ಮೀಯಿಸಬೇಕೋ, ಒಂದೇ ಹೊತ್ತು ಸಾಕೋ ನನಗೆ ತಿಳಿಯದು. ಈ ಪತ್ರಿಕೆಯ ಓದುಗರಲ್ಲಿ ಹೀಗೆ ಎರಡು ಊರುಗಳ ನಡುವೆ ಮಕ್ಕಳನ್ನು ಬೆಳೆಸಿದ ತಾಯಂದಿರಿದ್ದರೆ ದಯವಿಟ್ಟು ಬರೆದು ತಿಳಿಸಿ.