ನನಗಾಗಿ ಕಾದವರು

ಹಿಂದೆಲ್ಲ ಭುಜ ಉಳುಕಿದರೆ ಅರಿಶಿನ ಹಚ್ಚಿಕೊಂಡು ನಾಲ್ಕು ದಿನದಲ್ಲಿ ಮತ್ತೆ ಬಾವಿಗೆ ಜಿಗಿಯುತ್ತಿದ್ದೆ. ಈ ಸಲ ಮಳೆಗಾಲದಲ್ಲಿ ಉಳುಕಿದ್ದು ಬೇಸಿಗೆಯವರೆಗೂ ನೋಯಿತು. ಭುಜಕ್ಕಿಂತ ವಯಸ್ಸಾಯಿತೇನೋ ಎಂಬ ನನ್ನ ಚಿಂತೆಯೇ ಹೆಚ್ಚು ಊದಿಕೊಂಡಿತ್ತು.

ಕೊನೆಗೊಂದು ಬೆಳಿಗ್ಗೆ ವಳಸಂಗದ ನಮ್ಮ ಹೊಲದ ಬಾವಿಗೆ ಹೋದೆ. ಜಿಗಿಯುವ ಧೈರ್ಯವಾಗದೆ ಗೋಡೆ ಹಿಡಿದು ಪಾವಟಿಗೆಯ ಮೆಟ್ಟಿಲುಗಳನ್ನಿಳಿದು, ಮುದಿ ಎಮ್ಮೆಯಂತೆ ನೀರು ಸೇರಿದೆ. ಮೇಲೆ ದಂಡೆಯಲ್ಲಿ ತಮ್ಮನೂ ಅವನ ಗೆಳೆಯರೂ ನಿಂತಿದ್ದರು. ಈಜುವವನ ಪಕ್ಕದಲ್ಲೇ ಧೊಪ್ಪನೆ ಬಿದ್ದು ಅವನಿಗೆ ನೀರು ಕುಡಿಸುವುದು ನಮ್ಮ ಬಾವಿಯ ಆಟ. ನಾನು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾದೆ. ಯಾರೂ ಬೀಳಲಿಲ್ಲ.

“ಯಾಕ್ರೋ, ನೀರು ತಣ್ಣಗ ಐತೇನು?” ಎಂದೆ.

“ನೀ ಮೊದಲ ಪಾವಟಿಗಿ ಮುಟ್ಟು ಅಣ್ಣಾ, ಆಮ್ಯಾಲೆ ಜಿಗೀತೀವಿ,” ಎಂದ ತಮ್ಮ.

“ನನ್ನ ಬಾಜೂಕ ಬೀಳಾಕ ಹೆದರ್ತೀರೇನು?”

“ಮತ್ತ ನೀ ಭುಜಾ ಹಿಡಕೊಂಡು ಕುಂತ್ರ ವೈನಿ ನಮ್ಮನ್ನ ಬಿಡ್ತಾರೇನು? ಸಾವಕಾಶ ಬಾ.”

ನನ್ನ ಹೆಂಡತಿಯ ಮಾತು ಬಂದೊಡನೆ ಅವರು ನಕ್ಕರು, ನಾನೂ ನಕ್ಕೆ. ಇನ್ನೊಂದು ಸುತ್ತು ಈಜುವ ಆಸೆಯಿತ್ತು. ಅಷ್ಟು ಮಂದಿಯನ್ನು ಕಾಯಿಸುವುದು ಸರಿಯಲ್ಲವೆನಿಸಿ ಮೇಲೆ ಹತ್ತಿ ಟವೆಲ್ ಹೊದ್ದುಕೊಂಡೆ. ಬೆನ್ನ ಹಿಂದೆ ಅವರೆಲ್ಲ ಒಟ್ಟಿಗೇ ಜಿಗಿದ ಸದ್ದು ಕೇಳಿಸಿತು.