ಗಾಜಿನ ಸೂರಿನ ಗಾಡಿ

ಭಾವ, ಆ ಗಾಡಿಯ ಎಂಜಿನ್ ಹಾಳಾದದ್ದು ನಿಮ್ಮ ಕೈಯಿಂದಲ್ಲ. ಕೊಂಡ ದಿನವೇ ಅದು ಒಳಗೆ ಕೆಟ್ಟಿತ್ತು. ಆ ಸದ್ದು ನನಗೆ ಕೇಳಿಸಿತ್ತು — ಕೇಳಿಸಿಯೂ ಗಟ್ಟಿ ಇದೆ ಎಂದುಬಿಟ್ಟೆ.

ಎದುರು ನಿಂತು ಹೇಳುವ ಮೊದಲು ಬರೆದು ನೋಡುತ್ತಿದ್ದೇನೆ. ಮಾತು ಎಷ್ಟೋ ಸಲ ಬಾಯಿಗೆ ಬಂದು ವಾಪಸ್ ಹೋಗಿದೆ, ಬಾಯಿಯ ಮೇಲೆ ನನಗೆ ನಂಬಿಕೆಯಿಲ್ಲ.

ನಮ್ಮ ಕೊಬ್ಬರಿ ಸೀಮೆಯವರು ಕಣ್ಣಿಗಿಂತ ಕಿವಿಯನ್ನು ನಂಬುವ ಜನ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಪಕ್ಕ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಉಂಡೆ ಕರಟಕ್ಕೆ ಬಡಿಯುತ್ತದೆ. ಒಣಗಿದ್ದರ ಸದ್ದೇ ಬೇರೆ, ಕೆಟ್ಟದ್ದರ ಸದ್ದೇ ಬೇರೆ. ನಮ್ಮೂರು ಬಿಳಿಗೆರೆಯಲ್ಲಿ ಯಾರು ಅಟ್ಟದಿಂದ ಕಾಯಿ ಇಳಿಸಿದರೂ ನನ್ನ ಕಿವಿಗೆ ಕರೆ ಬರುತ್ತದೆ. ಅದಕ್ಕೇ ಅಲ್ಲವೇ ನೀವು ಮಾಯಸಂದ್ರದಿಂದ ಬಂದು, ತಿಪಟೂರಿನಲ್ಲಿ ಹಳೆಯ ಡೀಸೆಲ್ ಎಸ್‌ಯುವಿ ನೋಡುವುದಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು. ಬೇರೆ ಕಡೆಯವರು ಕೇಳಿದರೆ ನಕ್ಕಾರು.

“ಎಂಜಿನ್ ಆದ್ರೇನು, ಕಾಯಾದ್ರೇನು, ಒಳಗಿಂದು ಸದ್ದಲ್ಲೇ ಗೊತ್ತಾಗೋದು ಕಣ್ಲಾ ಲೋಕೇಶ. ನೀನು ಕೇಳಿ ಹೇಳು, ಸಾಕು” ಎಂದಿರಿ. ನಾನು ಉಬ್ಬಿಹೋದೆ.

ಗಾಡಿ ಒಂದು ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಬೂದು ಬಣ್ಣ, ಮೂರು ಸಾಲು ಸೀಟು, ಮನೆಮಂದಿಯೆಲ್ಲ ಹಿಡಿಸುವಷ್ಟು ಜಾಗ. ಅಕ್ಕನಿಗೆ ಸಮುದ್ರ ತೋರಿಸಬೇಕೆಂಬುದು ನಿಮ್ಮ ಆಸೆ. ಕೆರೆ ಬಿಟ್ಟು ಬೇರೆ ದೊಡ್ಡ ನೀರು ಕಂಡವಳಲ್ಲ ಅವಳು. ನೀವು ಸ್ಟಿಯರಿಂಗ್ ಹಿಡಿದಿರಿ, ನಾನು ನಡುವಿನ ಸಾಲಿನಲ್ಲಿ ಕೂತೆ. ಗಾಡಿಯ ಮಾಲೀಕರು ಮುಂದಿನ ಸೀಟಿನಿಂದ ಏನೋ ಒತ್ತಿದರು. ತಲೆಯ ಮೇಲಿನ ಪರದೆ ಸರಿದು — ಗಾಜು. ಸೂರಿನ ತುಂಬ ಗಾಜು.

ಬಿಳಿಗೆರೆಯ ದಾರಿಗೆ ಹೊರಳಿದೆವು. ತೆಂಗಿನ ಗರಿಗಳು ನನ್ನ ಮೇಲೆ ಹರಿದುಹೋಗತೊಡಗಿದವು. ಗರಿ, ಆಕಾಶ, ಮತ್ತೆ ಗರಿ. ಹುಟ್ಟಿದಾಗಿನಿಂದ ಕಂಡ ತೋಟಗಳೇ, ಆದರೂ ಯಾವುದೂ ನನ್ನ ಗುರುತಿನದಲ್ಲ ಅನಿಸಿತು. ಗಾಳಿಯ ಸದ್ದಿಲ್ಲ, ಧೂಳಿಲ್ಲ, ಹಳ್ಳ ಬಂದದ್ದೂ ತಿಳಿಯುತ್ತಿರಲಿಲ್ಲ. ಅಟ್ಟದ ಕತ್ತಲಲ್ಲಿ ಕಾಯಿ ಹೊರಳಿಸುತ್ತ ಅರ್ಧ ಆಯುಸ್ಸು ಕಳೆದವನು ನಾನು. ನೀರಿನ ಅಡಿಯಲ್ಲಿ ಮಲಗಿ ಮೇಲೆ ನೋಡುತ್ತಿದ್ದೇನೆ ಅನಿಸಿತು. ನಿದ್ದೆಯೋ ಎಚ್ಚರವೋ — ಅಕ್ಕ ಪಕ್ಕದಲ್ಲಿ ಕೂತಂತೆ, ಮಕ್ಕಳು ಹಿಂದೆ ಹಾಡುತ್ತಿದ್ದಂತೆ, ಈ ದಾರಿ ಹೀಗೇ ಸಮುದ್ರದವರೆಗೂ ಹೋದಂತೆ...

ವಾಪಸ್ ಬಂದು ಹೊಂಗೆ ಮರದಡಿ ನಿಲ್ಲಿಸಿದಿರಿ. ಎಂಜಿನ್ ಬಿಸಿಯಾಗಿ ತಿರುಗುತ್ತಲೇ ಇತ್ತು. ಬಾನೆಟ್ ಎತ್ತಿ ಕಿವಿ ಕೊಟ್ಟೆ. ಹೊರಡುವಾಗ ಇಲ್ಲದ ಸದ್ದು ಈಗಿತ್ತು. ಡೀಸೆಲ್ಲಿನ ಗುರುಗುರುವಿನ ಕೆಳಗೆ, ಆಳದಲ್ಲಿ, ಏನೋ ಸಡಿಲವಾಗಿ ಬಡಿಯುತ್ತಿತ್ತು. ನನಗೆ ಎಂಜಿನ್ ವಿದ್ಯೆ ಬರುವುದಿಲ್ಲ. ಆದರೆ ಒಳಗೆ ಕೆಟ್ಟದ್ದು ಹೇಗೆ ಸದ್ದು ಮಾಡುತ್ತದೆಂದು ಗೊತ್ತು.

“ಹೆಂಗೈತೆ? ರಫೀಕ್ ಸಾಬ್ರಿಗೂ ಒಂದ್ಸಲ ತೋರಿಸ್ಬುಡಾನಾ?” ಎಂದು ಕೇಳಿದಿರಿ. ನಿಮ್ಮ ಟ್ರ್ಯಾಕ್ಟರ್ ನೋಡಿಕೊಳ್ಳುವ ಮೆಕ್ಯಾನಿಕ್ ಅವರು. ಅಂಗಡಿ ಅಲ್ಲೇ ಹತ್ತಿರ.

ಅವರು ಬಂದರೆ ಗಾಡಿ ಕೈತಪ್ಪುತ್ತದೆ. ಗಾಜು ಹೋಗುತ್ತದೆ, ಗರಿಗಳು ಹೋಗುತ್ತವೆ.

“ಯಾಕ್ ಬುಡಿ ಭಾವ. ಗಟ್ಟಿ ಐತೆ” ಎಂದೆ.

ನನ್ನ ಮಾತು ನಂಬಿ ನೀವು ಅಲ್ಲೇ ಮುಂಗಡ ಎಣಿಸಿ ಕೊಟ್ಟಿರಿ. ಅದೇ ನನ್ನನ್ನು ಇವತ್ತಿಗೂ ಕೊಲ್ಲುವುದು.

ಆಮೇಲಿನದು ನಿಮಗೇ ಗೊತ್ತು. ಅಕ್ಕ ಹೊಸ ಸೀರೆ ಉಟ್ಟು ನಮ್ಮೆಲ್ಲರ ಜೊತೆ ಸಮುದ್ರಕ್ಕೆ ಹೊರಟಳು. ಸಕಲೇಶಪುರ ದಾಟುತ್ತಿದ್ದಂತೆ ಗಾಡಿ ಒಂದು ಸಲ ಜೋರಾಗಿ ಬಡಿದು ನಿಂತೇಹೋಯಿತು. ಅಲ್ಲಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, “ಯಾರ್ರೀ ಓಡ್ಸಿದ್ದು? ಹಿಂಗಾ ಎಳೆಯೋದು?” ಎಂದ. ಎಲ್ಲರೂ ನಿಮ್ಮ ಕಡೆ ನೋಡಿದರು. ನೀವು ನಿಮ್ಮ ಅಂಗೈಗಳನ್ನು ನೋಡಿಕೊಂಡಿರಿ. ಟ್ರ್ಯಾಕ್ಟರಿಗೆ ಒಂದು ಗೀರೂ ಬೀಳದ ಹಾಗೆ ಇಷ್ಟು ವರ್ಷ ಓಡಿಸಿದ ಕೈ ಅದು. ಒಂದು ಮಾತು — ನನ್ನ ಒಂದೇ ಮಾತು ಸಾಕಿತ್ತು. ಮೌನ ಬಂಗಾರ ಅನ್ನುತ್ತಾರೆ. ನನ್ನ ಮೌನ ಅವತ್ತು ಶುದ್ಧ ಕಳ್ಳತನ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಕ್ಕ, “ಸಮುದ್ರ ಎಲ್ಲೋಯ್ತದೆ, ಅಲ್ಲೇ ಇರ್ತದೆ ಬುಡ್ರೀ” ಎಂದು ನಿಮಗೆ ಸಮಾಧಾನ ಹೇಳಿದಳು. ನಾನು ಮುಂದಿನ ಸೀಟಿನಲ್ಲಿ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದೆ.

ಎಂಜಿನ್ ಬಿಚ್ಚಿಸಿ ಸರಿಮಾಡಿಸಿದಿರಿ. ಆದರೆ ನೀವು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಟ್ರ್ಯಾಕ್ಟರಿಗೂ ಆಳಿಟ್ಟಿರಿ. ಈಗ ಗಾಡಿ ಓಡಿಸುವವಳು ನಿಮ್ಮ ಮಗಳು ಸೌಮ್ಯ. ನೀವು ಕಟ್ಟಕಡೆಯ ಸಾಲಿನಲ್ಲಿ, ಮಕ್ಕಳು ಕೂರುವ ಜಾಗದಲ್ಲಿ, ಕಾಲು ಮಡಿಸಿಕೊಂಡು ಕೂರುತ್ತೀರಿ. ಆ ಸಾಲಿನ ಮೇಲೆ ಗಾಜಿಲ್ಲ.

ಮೊನ್ನೆ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಮತ್ತೆ ಸಮುದ್ರದ ಮಾತು ಬಂತು. ಬರುವ ಭಾನುವಾರ ಹೊರಡುವುದೆಂದು ಆಯಿತು. ಸೌಮ್ಯ ನಗುತ್ತ, “ಅಪ್ಪನ ಕೈಗೆ ಮಾತ್ರ ಕೀ ಕೊಡ್ಬೇಡ್ರಪ್ಪ, ಎಂಜಿನ್ ತಿಂದಾಕ್ಬುಡ್ತಾರೆ” ಎಂದಳು. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಭಾವ. ನಿಜವೆಂದು ಒಪ್ಪಿಕೊಂಡವರ ನಗು ಅದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ — ನಾನು ಅದನ್ನೂ ಮಾಡದೆ ಸಾರಿಗೆ ಕೈ ಚಾಚಿದೆ.

ಆಸೆ ಎಲ್ಲರಿಗೂ ಇರುತ್ತದೆ ಎಂದು ಬರೆದೆ, ಹೊಡೆದುಹಾಕಿದೆ. ಎಂಜಿನ್ ನನ್ನ ಕಸುಬಲ್ಲ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ನನಗೆ ಕೇಳಿಸಿತ್ತು. ಅಷ್ಟೇ ಉಳಿಯುತ್ತದೆ.

ಭಾನುವಾರ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಎಲ್ಲರ ಮುಂದೆ ಸುಮ್ಮನಿದ್ದವನು ಎಲ್ಲರ ಮುಂದೆಯೇ ಹೇಳಬೇಕು. ಸೌಮ್ಯಳ ಎದುರೇ, ಅಕ್ಕನ ಎದುರೇ ಹೇಳುತ್ತೇನೆ. ಆಮೇಲೆ ನೀವು ಕೀ ತೆಗೆದುಕೊಳ್ಳುತ್ತೀರೋ, ನನ್ನ ಮುಖ ನೋಡದೆ ಒಳಗೆ ಹೋಗುತ್ತೀರೋ, ಅದು ನಿಮಗೆ ಬಿಟ್ಟದ್ದು. ನನ್ನನ್ನು ಬಿಟ್ಟು ಹೊರಟರೂ ಸರಿ. ಕರೆದುಕೊಂಡು ಹೋದರೆ, ಆ ಕಟ್ಟಕಡೆಯ ಸಾಲಿನಲ್ಲಿ ಕಾಲು ಮಡಿಸಿಕೊಂಡು ನಾನು ಕೂರುತ್ತೇನೆ.