ನಿಧಾನ ಮಾಡಿದ ನಗು

ನಮ್ಮ ಬೀದಿಗೆ ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಸಾಣೆಯಜ್ಜ ಬರುತ್ತಿದ್ದರು. ಮನೆಗಳನ್ನು ಅವರು ನೆನಪಿಡುತ್ತಿದ್ದದ್ದು ಚಾಕು ಕತ್ತರಿಗಳಿಂದ. ಕೆಳಮನೆಯಕ್ಕ ಅವರ ಬಾಯಲ್ಲಿ ‘ಮೊಂಡುಚಾಕು’, ಎದುರುಮನೆಯವರು ‘ಹಿಡಿ ಸಡಿಲ’. ನಾನು ಮನೆಯಲ್ಲೇ ಅಷ್ಟಿಷ್ಟು ಬಟ್ಟೆ ಹೊಲಿಯುವವಳಾದ್ದರಿಂದ ‘ದೊಡ್ಡ ಕತ್ತರಿ’. ನಾಲ್ಕು ವರ್ಷದ ನನ್ನ ಮಗಳು ‘ಸಣ್ಣ ಕತ್ತರಿ’.

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಮುಂದೆ ಬಿಗಿದ ಕಲ್ಲು ಗಿರ್ರನೆ ತಿರುಗಿ ಕಿಡಿ ಹಾರುತ್ತಿತ್ತು. ತಗಡಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಬರುವಾಗ ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದೆ ಎನ್ನುತ್ತಿದ್ದರು. ಹಾಗಾಗಿ ಯಾರು ಮಾತಾಡಿದರೂ ಬಲಗಿವಿ ಮುಂದೆ ಮಾಡಿ ಬಾಗಬೇಕು; ಮಕ್ಕಳು ಮಾತಾಡಿದರೆ ಇನ್ನಷ್ಟು ಬಾಗಬೇಕು. ಅವರ ಹೆಂಡತಿ ಹೊಲಿಗೆಯವರಂತೆ. ಆಕೆಯ ಕತ್ತರಿಗೆ ಸಾಣೆ ಹಿಡಿಯುತ್ತ ಕಲಿತ ಕೆಲಸ, ಆಕೆ ತೀರಿಕೊಂಡ ಮೇಲೆ ಹೊಟ್ಟೆಗೆ ದಾರಿಯಾಯಿತು. ಹರಿತ ಮಾಡಿದ್ದನ್ನು ಒದ್ದೆ ಕಾಗದದ ಮೇಲೆ ನಮ್ಮ ಕಣ್ಣೆದುರೇ ಆಡಿಸಿ, ಕಾಗದ ಕತ್ತರಿಸುವುದನ್ನು ತೋರಿಸಿ, ದೊಡ್ಡವರ ಕೈಗೇ ಕೊಟ್ಟು ಹೋಗುವುದು ಅವರ ನೇಮ. ಮನೆಯಲ್ಲಿ ದೊಡ್ಡವರಿಲ್ಲದಿದ್ದರೆ ವಾಪಸ್ ಒಯ್ಯುತ್ತಿದ್ದರೇ ಹೊರತು ಹೊಸಿಲ ಮೇಲೆ ಇಟ್ಟು ಹೋದವರಲ್ಲ.

ಆಗ ನಾನು ಶನಿವಾರ ಶನಿವಾರ ಗ್ರಂಥಾಲಯದ ಮಹಡಿಯ ತರಗತಿಗೆ ಹೋಗುತ್ತಿದ್ದೆ. ಚಿತ್ರ, ದನಿ, ಅಕ್ಷರ ಸೇರಿಸಿ ಪರದೆಯ ಮೇಲೆ ಬರೆಯುವುದು ಹೇಗೆ, ನೋಡುವವರ ಮನಸ್ಸನ್ನು ನಮ್ಮ ಕಡೆಗೆ ವಾಲಿಸುವುದು ಹೇಗೆ ಎಂದು ಕಲಿಸುತ್ತಿದ್ದರು. ದಿನಚರಿ ಬಿಟ್ಟರೆ ಬೇರೇನೂ ಬರೆಯದ ನನಗೆ ರೆಕ್ಕೆ ಬಂದಂತಾಗಿತ್ತು. ನಿನ್ನ ನಾಲಿಗೆಗೆ ಸಾಣೆ ಹಿಡಿಸಿದ್ದು ಸಾಲದು ಅಂತ ಈಗ ಫೋನಿಗೂ ಹಿಡಿಸ್ತಿದೀಯಾ ಎಂದು ನನ್ನವರು ಛೇಡಿಸುತ್ತಿದ್ದರು.

ಒಂದು ವಾರ ಟೀಚರ್ ಅಭ್ಯಾಸ ಕೊಟ್ಟರು. ಒಬ್ಬ ಸಾಮಾನ್ಯ ಮನುಷ್ಯನನ್ನು ಫೋನಿನಲ್ಲಿ ಚಿತ್ರಿಸಿಕೊಂಡು ಎರಡು ವಿಡಿಯೊ ತುಣುಕು ಮಾಡಬೇಕು. ಒಂದನ್ನು ನೋಡಿದರೆ ಅವನ ಮೇಲೆ ಪ್ರೀತಿ ಹುಟ್ಟಬೇಕು, ಇನ್ನೊಂದನ್ನು ನೋಡಿದರೆ ಭಯ. ಬೇರೆ ಕಡೆಯಿಂದ ಏನನ್ನೂ ತಂದು ಸೇರಿಸುವಂತಿಲ್ಲ.

ಮಂಗಳವಾರ ಅಜ್ಜ ಬಂದಾಗ ಕೇಳಿ ಚಿತ್ರಿಸಿಕೊಂಡೆ. ನನ್ನ ಕತ್ತರಿಯ ನಡುವಿನ ಮೊಳೆ ಸವೆದಿತ್ತು. ಮನೆಗೆ ಒಯ್ದು ಹೊಸ ಮೊಳೆ ಬಡಿದು ಮುಂದಿನ ಸಲ ತರುತ್ತೇನೆಂದು ಚೀಲಕ್ಕೆ ಹಾಕಿಕೊಂಡರು. ಮಗಳು ಏನೋ ಪಿಸುಗುಟ್ಟಿದಳು. ಅವರು ಬಾಗಿ, “ಏ ಸಣ್ಣ ಕತ್ತರಿ, ಮುಂದಿನ ಸಲ ನೀನೂ ಬಾ, ಚೀಲದಲ್ಲಿ ಹಾಕ್ಕೊಂಡು ಹೋಗ್ತೀನಿ” ಎಂದರು. ಅವಳು ಬಿದ್ದು ಬಿದ್ದು ನಕ್ಕಳು. ಹೋಗುವಾಗ ಅಜ್ಜ ಕೇಳಿದ್ದು ಒಂದೇ, ಚೆನ್ನಾಗಿ ಬಂತಾ ಎಂದು.

ಪ್ರೀತಿಯ ತುಣುಕು ಸಪ್ಪೆಯಾಯಿತು. ಭಯದ್ದು ಮಾತ್ರ ಕೈಯಲ್ಲಿ ತಾನಾಗಿ ಬೆಳೆಯಿತು. ಬಾಗಿದ ಬೆನ್ನು, ಚೀಲದ ಬಾಯಿ, ಕಲ್ಲಿಗೆ ತಾಗುವ ಅಲಗು. ‘ಚೀಲದಲ್ಲಿ ಹಾಕ್ಕೊಂಡು ಹೋಗ್ತೀನಿ’ ಎಂಬ ಮಾತನ್ನಷ್ಟೇ ಉಳಿಸಿ ಹಿಂದುಮುಂದಿನದನ್ನು ಕತ್ತರಿಸಿದೆ. ಮಗಳ ನಗುವನ್ನು ನಿಧಾನ ಮಾಡುತ್ತ ಹೋದೆ. ಒಂದು ಹಂತದಲ್ಲಿ ಅದು ಅಳುವಾಯಿತು. ಹೆತ್ತವಳಾದ ನನಗೇ ಮೈ ಜುಮ್ಮೆಂದಿತು. ಸರಿಯಾಗಿ ಬಂದಿದೆ ಎಂದುಕೊಂಡೆ. ಮೇಲೆ ‘ನಿಮ್ಮ ಮಗು ಈಗ ಎಲ್ಲಿದೆ?’ ಎಂದು ಬರೆದೆ. ಕೊನೆಯ ಎರಡು ಸೆಕೆಂಡಿನಲ್ಲಿ ‘ಇದು ತರಗತಿಯ ಅಭ್ಯಾಸ’ ಎಂದೂ ಹಾಕಿದೆ.

ತರಗತಿಯಲ್ಲಿ ಅದು ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಆ ಖುಷಿಗೆ ತಂಗಿಗೆ ಕಳಿಸಿದೆ. ಎರಡರಲ್ಲಿ ಚೆನ್ನಾಗಿದ್ದದ್ದನ್ನು ಮಾತ್ರ. ಅವಳು ಯಾರಿಗೆ ಕಳಿಸಿದಳೋ, ಅವರು ಯಾರಿಗೆ ಕಳಿಸಿದರೋ.

ಎಂಟನೆಯ ದಿನ, ಭಾನುವಾರ, ಮಗಳ ಕೈ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಕೆಳಮನೆಯಕ್ಕ ಬಾಗಿಲಲ್ಲಿ ನಿಂತು ಫೋನ್ ನೋಡುತ್ತಿದ್ದರು. ಮಗಳು ನಿಂತಳು.

“ಅಮ್ಮಾ, ಯಾವ ಪಾಪು ಅಳ್ತಿರೋದು?”

ಅದು ಅವಳದೇ ನಗುವಾಗಿತ್ತು.

ಫೋನ್ ಇಸಿದುಕೊಂಡು ನೋಡಿದೆ. ಕೊನೆಯ ಎರಡು ಸೆಕೆಂಡು ಇರಲಿಲ್ಲ, ಯಾರೋ ಕತ್ತರಿಸಿದ್ದರು. ಇದು ನಾನೇ ಮಾಡಿದ್ದು, ಅಭ್ಯಾಸಕ್ಕೆ ಎಂದು ಬಿಡಿಸಿ ಹೇಳಿದೆ. ಅಕ್ಕ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಂದು ಕರುಳು ದೊಡ್ಡದಮ್ಮ, ಅದಕ್ಕೇ ಅವನ ಪರ ಮಾತಾಡ್ತಿದೀಯ. ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಮಂಗಳವಾರ ಬರ್ತಾನಲ್ಲ, ಹುಡುಗರು ವಿಚಾರಿಸ್ಕೊಳ್ತಾರೆ ಬಿಡು.”

‘ವಿಚಾರಿಸ್ಕೊಳ್ತಾರೆ’ ಎನ್ನುವಾಗ ಅವರು ದನಿ ತಗ್ಗಿಸಿದರು.

ಇಪ್ಪತ್ತು ವರ್ಷದಿಂದ ಅದೇ ಅಜ್ಜನ ಕೈಗೆ ಚಾಕು ಕೊಟ್ಟವರು ಇವರು. ಅವರನ್ನು ದೂರಿ ಏನು ಮಾಡಲಿ? ಅವರು ನೋಡಿದ್ದರಲ್ಲಿ ಸುಳ್ಳು ಚಿತ್ರ ಒಂದೂ ಇರಲಿಲ್ಲ.

ಅಜ್ಜನಿಗೆ ತಿಳಿಸೋಣವೆಂದರೆ ಅವರ ಹತ್ತಿರ ಫೋನ್ ಇಲ್ಲ, ಮನೆ ಎಲ್ಲಿ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಕೂತು ಮೂರನೆಯ ತುಣುಕು ಮಾಡಿದೆ. ನಿಜವನ್ನು ನೇರವಾಗಿ ಹೇಳಿದೆ. ನಾನು ಕಲಿತ ಪಾಠದಿಂದಲೇ ನೋಡಿದರೆ ಅದರಲ್ಲಿ ಕಣ್ಣು ಹಿಡಿದು ನಿಲ್ಲಿಸುವಂಥದ್ದೇನೂ ಇರಲಿಲ್ಲ. ಹನ್ನೊಂದು ಜನ ನೋಡಿದರು, ಅದರಲ್ಲಿ ಮೂವರು ನಮ್ಮ ಮನೆಯವರೇ. ಭಯದ ತುಣುಕು ಸಂಜೆಯೊಳಗೆ ನನಗೇ ಎರಡು ಕಡೆಯಿಂದ ಬಂತು, ಜೋಪಾನವಾಗಿರು ಎಂಬ ಬುದ್ಧಿಮಾತಿನೊಂದಿಗೆ.

ಮಂಗಳವಾರ ಬೆಳಿಗ್ಗೆಯೇ ಬೀದಿಯ ತುದಿಯಲ್ಲಿ ನಿಂತೆ, ಅವರನ್ನು ಅಲ್ಲಿಂದಲೇ ಹಿಂದೆ ಕಳಿಸಲು. ಅವರು ಹಿಂಬದಿಯ ಓಣಿಯಿಂದ ಬಂದಿದ್ದರು. ಕಲ್ಲು ತಿರುಗುವ ಸದ್ದು ಕೇಳಿ, ಅದು ಅರ್ಧಕ್ಕೇ ನಿಂತದ್ದನ್ನೂ ಕೇಳಿ ಓಡಿದೆ.

ಏಳೆಂಟು ಜನ ಸುತ್ತುವರಿದಿದ್ದರು. ಸೈಕಲ್ ಬಿದ್ದಿತ್ತು. ಚೀಲವನ್ನು ನೆಲಕ್ಕೆ ಸುರಿದಿದ್ದರು. ಚಾಕುಗಳ ನಡುವೆ ನನ್ನ ದೊಡ್ಡ ಕತ್ತರಿಯೂ ಇತ್ತು. ನಾಲ್ಕು ಫೋನುಗಳು ಚಿತ್ರಿಸುತ್ತಿದ್ದವು. ಒಬ್ಬ ಏನೋ ಕೇಳಿದ. ಅಜ್ಜ ಕೇಳಿಸಿಕೊಳ್ಳಲು ಬಲಗಿವಿ ಮುಂದೆ ಮಾಡಿ ಬಾಗಿದರು. ಮೈಮೇಲೆ ಬರ್ತೀಯಾ ಎಂದು ಅವನು ಎದೆಗೆ ಕೈಯಿಟ್ಟು ನೂಕಿದ. ಅದೂ ಫೋನಿನಲ್ಲಿ ಯಾವ ಕೋನದಿಂದ ಹೇಗೆ ಕಾಣುತ್ತದೆ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು.

ನಡುವೆ ನುಗ್ಗಿ ಹೇಳಿದೆ: “ಆ ವಿಡಿಯೊ ಮಾಡಿದ್ದು ನಾನು. ಅಳು ಅಲ್ಲ ಅದು, ನನ್ನ ಮಗಳ ನಗು. ನಾನೇ ನಿಧಾನ ಮಾಡಿದ್ದು.”

ಫೋನುಗಳು ನನ್ನ ಕಡೆ ತಿರುಗಿದವು. ಒಬ್ಬ ನಕ್ಕ. ಮಾಡೋಕೆ ಬೇರೆ ಕೆಲಸ ಇರಲಿಲ್ವಾ ಎಂದು ಇನ್ನೊಬ್ಬ ಬೈದ. ಹಾಗೇ ಒಬ್ಬೊಬ್ಬರಾಗಿ ಚದುರಿದರು. ಯಾರೂ ಸೈಕಲ್ ಎತ್ತಲಿಲ್ಲ.

ಎತ್ತಿ ನಿಲ್ಲಿಸಿದೆ. ಅಜ್ಜ ನನ್ನತ್ತ ಬಲಗಿವಿ ತಂದರು.

“ಏನಂದೆ ದೊಡ್ಡ ಕತ್ತರಿ? ಸರಿಯಾಗಿ ಕೇಳಿಸ್ಲಿಲ್ಲ.”

ಗುಂಪಿಗೆ ಹೇಳಿದ್ದನ್ನು ಅವರಿಗೆ ಮತ್ತೆ ಹೇಳಬೇಕಾಯಿತು, ಗಟ್ಟಿಯಾಗಿ, ಕಿವಿಯ ಹತ್ತಿರ. ಅವರು ಪೂರ್ತಿ ಕೇಳಿಸಿಕೊಂಡರು. ಚಾಕುಗಳನ್ನೂ ನನ್ನ ಕತ್ತರಿಯನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿದರು.

“ಅವತ್ತು ಕೇಳಿದ್ದೆ ನಾನು, ಚೆನ್ನಾಗಿ ಬಂತಾ ಅಂತ” ಎಂದರು. “ಬಂದಿದೆ ಹಾಗಾದ್ರೆ.”

ಸೈಕಲ್ ತಳ್ಳಿಕೊಂಡು ಹೊರಟರು.

ಮುಂದಿನ ಸರದಿಯ ಮಂಗಳವಾರ ಅವರು ಬರಲಿಲ್ಲ. ಸಾಯಂಕಾಲ ಗೇಟಿನ ಕಂಬದ ನೆತ್ತಿಯ ಮೇಲೆ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ, ಬಟ್ಟೆ ಸುತ್ತಿ ದಾರದಿಂದ ಬಿಗಿದ ಕಟ್ಟೊಂದು ಸಿಕ್ಕಿತು. ನನ್ನ ಕತ್ತರಿ. ಹೊಸ ಮೊಳೆ. ಜೊತೆಗೆ ಮಡಚಿದ ಒಂದು ಕಾಗದ, ನಡುವೆ ನೇರವಾಗಿ ಕತ್ತರಿಸಿದ್ದು. ಒದ್ದೆಯಾಗಿ ಒಣಗಿದ ಗುರುತು ಅದರ ಮೇಲೆ ಇನ್ನೂ ಇತ್ತು.

ಆಮೇಲೆ ಎಷ್ಟೋ ಮಂಗಳವಾರ ಕಳೆದಿವೆ. ನಾನು ಬಟ್ಟೆ ಕತ್ತರಿಸುತ್ತೇನೆ, ಸದ್ದೇ ಆಗುವುದಿಲ್ಲ, ಅಷ್ಟು ಹರಿತ. ನಿನ್ನೆ ದೂರದ ಊರಿನ ಸೋದರತ್ತೆ ಒಂದು ವಿಡಿಯೊ ಕಳಿಸಿದರು. ನಮ್ಮೂರಿಗೂ ಬಂದಿದ್ದಾನಂತೆ, ಮಗು ಜೋಪಾನ ಎಂದು ಬರೆದಿದ್ದರು. ತೆರೆಯುವ ಮೊದಲೇ ಫೋನಿನ ದನಿ ಪೂರ್ತಿ ತಗ್ಗಿಸಿದೆ. ಮಗಳು ಪಕ್ಕದಲ್ಲೇ ಕೂತು ತುಂಡುಬಟ್ಟೆ ಜೋಡಿಸುತ್ತಿದ್ದಳು.